ಮುಂಬಯಿಯಿಂದ ಮುಂಬಯಿಗೆ, 71,000 ಕಿಲೋಮೀಟರ್

1923ರ ಅಕ್ಟೋಬರ್ 15ರಂದು ಆರು ಜನ ಪಾರ್ಸಿ ಹುಡುಗರು ಮುಂಬಯಿಯಿಂದ ಸೈಕಲ್ ಹತ್ತಿ ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲ, ರುಸ್ತುಂ ಭೂಮ್‌ಗಾರ, ಗುಸ್ತಾದ್ ಹಾಥಿರಾಮ್, ಕೇಕಿ ಪೋಚ್‌ಖಾನಾವಾಲಾ, ನರಿಮನ್ ಕಪಾಡಿಯಾ. ಎಲ್ಲರೂ ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಸದಸ್ಯರು, ಇಪ್ಪತ್ತರ ಹರೆಯದವರು. ಹೋಗಬೇಕಾಗಿದ್ದ ಊರೂ ಮುಂಬಯಿಯೇ. ನಡುವೆ ಭೂಮಿಯನ್ನು ಒಂದು ಸುತ್ತು ಹಾಕಿ ಬರಬೇಕಿತ್ತು, ಅಷ್ಟೇ.

ಈ ಹುಚ್ಚಿಗೆ ಬೀಜ ಬಿದ್ದದ್ದು ಮೂರು ವರ್ಷ ಮೊದಲು. 1920ರಲ್ಲಿ ಯುರೋಪಿನಿಂದ ಭಾರತಕ್ಕೆ ನಡೆದೇ ಬಂದಿದ್ದ ಫ್ರೆಂಚ್ ಮನುಷ್ಯನೊಬ್ಬ ಮುಂಬಯಿಯ ಓವಲ್ ಮೈದಾನದಲ್ಲಿ ಭಾಷಣ ಮಾಡಿದ. ಕೇಳಿದವರಲ್ಲಿ ಈ ಕ್ಲಬ್ಬಿನ ಹುಡುಗರಿದ್ದರು. ಒಬ್ಬ ಮನುಷ್ಯ ಎರಡು ಕಾಲಿನಲ್ಲಿ ಇಷ್ಟು ದೂರ ಬರಬಹುದಾದರೆ ಎರಡು ಚಕ್ರದಲ್ಲಿ ಎಷ್ಟು ದೂರ ಹೋಗಬಹುದು ಎಂಬ ಲೆಕ್ಕ ಅವರ ತಲೆಯಲ್ಲಿ ಕೂತಿತು.

ಆ ಹೊತ್ತಿಗೆ ಸೈಕಲ್ಲಿನಲ್ಲಿ ಭೂಮಿ ಸುತ್ತುವುದು ಹೊಸ ಸಂಗತಿಯೇನಲ್ಲ. 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಥಾಮಸ್ ಸ್ಟೀವನ್ಸ್, ಮುಂದೆ ಆಳೆತ್ತರದ ಚಕ್ರ, ಹಿಂದೆ ಬೊಗಸೆಯಷ್ಟು ಚಕ್ರವಿದ್ದ ಹಳೆಯ ಕಾಲದ ಸೈಕಲ್ಲಿನ ಮೇಲೆ ಕೂತು, ಪಂಜಾಬು, ದಿಲ್ಲಿ, ಆಗ್ರಾ ದಾಟಿ ಕಲ್ಕತ್ತೆಗೆ ಬಂದು, 1886ರ ಕೊನೆಗೆ ಜಪಾನಿನ ಯೊಕೊಹಾಮಾದಲ್ಲಿ ಪ್ರಯಾಣ ಮುಗಿಸಿದ್ದ. 1896ರಲ್ಲಿ ಲಂಡನ್ನಿನಿಂದ ಹೊರಟ ಜಾನ್ ಫಾಸ್ಟರ್ ಫ್ರೇಸರ್ ಮತ್ತು ಅವನ ಇಬ್ಬರು ಗೆಳೆಯರೂ ಭಾರತ ಹಾದು ಹೋದವರೇ. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಗಂಡ ಭಾರತದ ದೇವಸ್ಥಾನಗಳನ್ನು ನೋಡುತ್ತ ಸೈಕಲ್ ಮೇಲೆ ಹದಿನಾಲ್ಕು ಸಾವಿರ ಮೈಲಿ ತಿರುಗಿ 1904ರಲ್ಲಿ ದಪ್ಪ ಪುಸ್ತಕವೊಂದನ್ನು ಪ್ರಕಟಿಸಿದ್ದರು. ಇವರೆಲ್ಲರ ಬರವಣಿಗೆಯಲ್ಲಿ ಭಾರತ ಎಂಬುದು ಸೈಕಲ್ ಸವಾರ ದಾಟಿ ಹೋಗುವ ಜಾಗ. ದಾರಿಬದಿಯಲ್ಲಿ ನಿಂತು ಬಾಯಿ ಬಿಟ್ಟು ನೋಡುವ ಜನರಷ್ಟೇ ನಾವು. 1923ರ ಆರು ಮಂದಿ ಆ ನೋಟದ ದಿಕ್ಕನ್ನು ತಿರುಗಿಸಿದರು. ಈ ಸಲ ನೋಡಲು ಹೊರಟವರು ಇಲ್ಲಿಯವರು.

ಹೊರಟವರು ಪಾರ್ಸಿಗಳೇ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಮುಂಬಯಿಯ ಪಾರ್ಸಿಗಳಿಗೆ ಆಟ ಮತ್ತು ಅಂಗಸಾಧನೆ ಕಡೆಯ ಪಕ್ಷ ಎರಡು ತಲೆಮಾರಿನಷ್ಟು ಹಳೆಯ ಅಭ್ಯಾಸ. 1886ರಲ್ಲೇ ಅವರ ಕ್ರಿಕೆಟ್ ತಂಡ ಇಂಗ್ಲೆಂಡಿಗೆ ಹೋಗಿ ಆಡಿಬಂದಿತ್ತು. ಹಡಗು, ಹತ್ತಿ, ಅಫೀಮಿನ ವ್ಯಾಪಾರ ಮಾಡಿದ ಸಮುದಾಯವಾದ್ದರಿಂದ ಕರಾಚಿಯಿಂದ ರಂಗೂನಿನವರೆಗೆ, ಹಾಂಗ್‌ಕಾಂಗಿನಿಂದ ಶಾಂಘೈವರೆಗೆ ಅವರದೇ ಜನ ಅಂಗಡಿ, ಕಚೇರಿ ಇಟ್ಟುಕೊಂಡು ನೆಲೆಸಿದ್ದರು. ದೂರದ ಊರೊಂದರಲ್ಲಿ ಕದ ತಟ್ಟಿದರೆ ಒಳಗಿನಿಂದ ಗುಜರಾತಿಯಲ್ಲಿ ಉತ್ತರ ಬರುವ ಸಾಧ್ಯತೆ ಬೇರೆ ಯಾವ ಭಾರತೀಯರಿಗಿಂತ ಇವರಿಗೆ ಹೆಚ್ಚಿತ್ತು. ಈ ಅನುಕೂಲವನ್ನು ಮರೆತು ಕೇವಲ ಸಾಹಸ ಸಾಹಸ ಎಂದು ಕೊಂಡಾಡಿದರೆ ಕಥೆ ಅರ್ಧವಾಗುತ್ತದೆ. ಅದೇ ವರ್ಷ ಗಿರಣಗಾಂವಿನ ಮಿಲ್ಲೊಂದರಲ್ಲಿ ಮಗ್ಗ ನಡೆಸುತ್ತಿದ್ದ ಇಪ್ಪತ್ತರ ಹುಡುಗನಿಗೂ ಗಟ್ಟಿ ತೊಡೆಗಳಿದ್ದವು. ನಾಲ್ಕೂವರೆ ವರ್ಷ ದುಡಿಯದೆ ಇರುವ ಅವಕಾಶ ಇರಲಿಲ್ಲ.

ಮುಂಬಯಿ ಎಂಬ ದ್ವೀಪದಿಂದ ಗಾಲಿಯ ಮೇಲೆ ಹೊರಬೀಳುವ ದಾರಿಗಳಲ್ಲಿ ಒಂದನ್ನು ಮಾಡಿಕೊಟ್ಟದ್ದೂ ಪಾರ್ಸಿ ಹೆಂಗಸೇ. ಮಾಹಿಮ್ ಕೊಲ್ಲಿಯ ಮೇಲೆ ರಸ್ತೆ ಹಾಕಲು ಸರ್ಕಾರ ಹಿಂದೆಮುಂದೆ ನೋಡುತ್ತಿದ್ದಾಗ, 1840ರ ದಶಕದಲ್ಲಿ, ಲೇಡಿ ಆವಾಬಾಯಿ ಜಮ್ಶೇಟ್‌ಜಿ ಜೀಜೀಭಾಯ್ ತನ್ನ ದುಡ್ಡು ಕೊಟ್ಟು ಆ ಕಾಸ್‌ವೇ ಕಟ್ಟಿಸಿದಳು. ಅದಕ್ಕೆ ಎಂದೂ ಸುಂಕ ಹಾಕಬಾರದು ಎಂಬುದು ಆಕೆಯ ಕರಾರಾಗಿತ್ತು.

ಪಾಸ್‌ಪೋರ್ಟಿನ ಮಾತೂ ಇಲ್ಲೇ ಹೇಳಬೇಕು. ಭಾರತದಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂದದ್ದು 1920ರಲ್ಲಿ. ಅಂದರೆ ಥಾಮಸ್ ಸ್ಟೀವನ್ಸನ ಕಾಲಕ್ಕಿಲ್ಲದ ತೊಡಕೊಂದು ಇವರಿಗೆ ಎದುರಾಯಿತು. ಮೊದಲ ಮಹಾಯುದ್ಧ ಮುಗಿದ ಮೇಲಿನ ಜಗತ್ತು ಗೇಟುಗಳನ್ನು ಹಾಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಆಳುವವರ ದೇಶದ ಪ್ರಜೆಗಳೂ ಅಲ್ಲದ, ಸ್ವತಂತ್ರ ದೇಶದ ಪ್ರಜೆಗಳೂ ಅಲ್ಲದ ಆರು ಜನ ಪ್ರತಿ ಗೇಟಿನಲ್ಲೂ ತಾವು ಯಾರೆಂದು ಹೇಳಬೇಕಾಗಿತ್ತು.

ದಾರಿ ಪಂಜಾಬು, ಬಲೂಚಿಸ್ತಾನ, ಅಲ್ಲಿಂದ ಪರ್ಷಿಯಾ. ಪಾರ್ಸಿಗಳಿಗೆ ಪರ್ಷಿಯಾ ಎಂದರೆ ಸಾವಿರ ವರ್ಷಕ್ಕೂ ಹಿಂದೆ ಬಿಟ್ಟುಬಂದ ತವರು. ಮೊದಲ ಬಿರುಕು ಕಾಣಿಸಿಕೊಂಡದ್ದು ಅಲ್ಲಿಯೇ. ಟೆಹರಾನಿನಿಂದ ನರಿಮನ್ ಕಪಾಡಿಯಾ ಸ್ವಂತ ಕಾರಣಗಳಿಗಾಗಿ ಊರಿಗೆ ಹಿಂದಿರುಗಿದ. ಐದು ಜನ ಮುಂದೆ ಹೋದರು.

ಬಾಗ್ದಾದಿನಿಂದ ಅಲೆಪ್ಪೊವರೆಗೆ ಮೆಸಪೊಟೇಮಿಯಾದ ಮರಳುಗಾಡು. 956 ಕಿಲೋಮೀಟರನ್ನು 23 ದಿನಗಳಲ್ಲಿ ದಾಟಿದರು. ದಿನಕ್ಕೆ ಸುಮಾರು 42 ಕಿಲೋಮೀಟರ್. ಇವತ್ತು ಈ ಸಂಖ್ಯೆ ನೋಡಿದರೆ ನಗು ಬರಬಹುದು. ಪೊವಾಯಿಯಿಂದ ನರಿಮನ್ ಪಾಯಿಂಟಿಗೆ ಆಫೀಸಿಗೆಂದು ಸೈಕಲ್ಲಿನಲ್ಲೇ ಹೋಗಿಬರುವವರು ದಿನಕ್ಕೆ ಅದಕ್ಕಿಂತ ಹೆಚ್ಚು ತುಳಿಯುತ್ತಾರೆ. ಆದರೆ ಮರಳಿನಲ್ಲಿ ಸೈಕಲ್ ತುಳಿಯುವುದು ಎಂಬುದೇ ತಪ್ಪು ಮಾತು. ಮರಳಿನಲ್ಲಿ ಸೈಕಲ್ ತಳ್ಳಬೇಕು, ಕೆಲವೊಮ್ಮೆ ಹೊರಬೇಕು. ಬಿಸಿಲು ಐವತ್ತು ಡಿಗ್ರಿ ದಾಟಿದ, ನೀರಿಲ್ಲದ, ಊಟವಿಲ್ಲದ ದಿನಗಳ ಬಗ್ಗೆ ಅವರು ಬರೆದುಕೊಂಡಿದ್ದಾರೆ. ನಮ್ಮಲ್ಲಿ ಬಾಡಿಗೆ ಸೈಕಲ್ ತಂದು ಬೇಸಿಗೆ ರಜೆಯಲ್ಲಿ ಹೊಳೆದಂಡೆಗೆ ಹೋದವರಿಗೆ ಮರಳಿನಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರ ಏನು ಮಾಡುತ್ತದೆ ಎಂಬುದು ನೆನಪಿರಬಹುದು.

ಯಂತ್ರದ ಬಗ್ಗೆಯೂ ಒಂದು ಮಾತು. ಇವತ್ತು ಬೆರಳ ತುದಿಯಲ್ಲಿ ಒತ್ತಿದರೆ ಸರಪಳಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಜಿಗಿಯುತ್ತದಲ್ಲ, ಆ ಡಿರೇಲರ್ ಎಂಬ ಸಾಧನವನ್ನು ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಬಳಸಲು ಅನುಮತಿ ಸಿಕ್ಕಿದ್ದೇ 1937ರಲ್ಲಿ. ಗಾಳಿ ತುಂಬಿದ ಟಯರು ಮಾತ್ರ 1888ರ ಡನ್ಲಪ್ ಕಾಲದಿಂದ ಇತ್ತು. ಹಾಗಾಗಿ ಆಲ್ಪ್ಸ್ ಪರ್ವತದಲ್ಲಿ ಆರು ಸಾವಿರ ಅಡಿಗೂ ಮೇಲೆ ಈ ಹುಡುಗರು ಏರಿದ್ದರಲ್ಲಿ ಕ್ಲಬ್ಬಿನ ಭಾರ ಎತ್ತುವ ಅಭ್ಯಾಸದ ಪಾಲು ಸಣ್ಣದಿರಲಾರದು.

ಇಟಲಿಯಲ್ಲಿ ಅವರು ಮುಸೊಲಿನಿಯನ್ನು ಕಂಡರು. ಪರ್ಷಿಯಾದಿಂದ ಹಿಡಿದು ಹೋದಲ್ಲೆಲ್ಲ ದೊಡ್ಡವರ ಭೇಟಿ, ಹಸ್ತಾಕ್ಷರ, ಶಿಫಾರಸು ಪತ್ರ ಸಂಪಾದಿಸುವುದು ಅಂಥ ಪ್ರವಾಸಿಗರ ಪದ್ಧತಿಯಾಗಿತ್ತು. ಅದು ಊಟ, ವಸತಿ, ಮುಂದಿನ ಗಡಿಯ ಅನುಮತಿಗೆ ಬೇಕಾದ ಬಂಡವಾಳವೂ ಹೌದು. ಆದರೂ ಇವತ್ತಿನ ಓದುಗನಿಗೆ ಈ ಭೇಟಿ ಸ್ವಲ್ಪ ಇರುಸುಮುರುಸು ತರುತ್ತದೆ, ತರಬೇಕು ಕೂಡ. ಗಟ್ಟಿಮುಟ್ಟಾದ ದೇಹವೇ ಗಟ್ಟಿಮುಟ್ಟಾದ ರಾಷ್ಟ್ರ ಎಂಬ ನಂಬಿಕೆ ಆ ಇಪ್ಪತ್ತರ ದಶಕದಲ್ಲಿ ರೋಮಿನ ಚೌಕದಲ್ಲೂ ಇತ್ತು, ಭಾರತದ ಗರಡಿಮನೆಗಳಲ್ಲೂ ಇತ್ತು. ಒಂದೇ ನಂಬಿಕೆ ಒಂದು ಕಡೆ ಗುಲಾಮಗಿರಿಯಿಂದ ಎದ್ದು ನಿಲ್ಲುವ ಆಸೆಯಾಗಿತ್ತು, ಇನ್ನೊಂದು ಕಡೆ ಇನ್ನೊಬ್ಬರನ್ನು ತುಳಿಯುವ ತಯಾರಿಯಾಗಿತ್ತು.

ಬ್ರಿಟನ್ನಿನಲ್ಲಿ ಮೂರು ವಾರ ಇದ್ದು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಐದು ತಿಂಗಳು, 8,400 ಕಿಲೋಮೀಟರ್. ಅಲ್ಲಿ ತಂಡ ಎರಡನೆಯ ಸಲ ಒಡೆಯಿತು. ಗುಸ್ತಾದ್ ಹಾಥಿರಾಮ್ ಅಮೆರಿಕದಲ್ಲೇ ಉಳಿಯಲು ನಿರ್ಧರಿಸಿದ. ಗೆಳೆಯ ಬಿಟ್ಟುಹೋದ ಬೇಸರಕ್ಕೆ ಕೇಕಿ ಪೋಚ್‌ಖಾನಾವಾಲಾ ಊರಿಗೆ ಮರಳಿದ.

ಹಾಥಿರಾಮನ ನಿರ್ಧಾರ ಬಂದ ಕಾಲವನ್ನು ಸ್ವಲ್ಪ ನಿಂತು ನೋಡಬೇಕು. 1910ರಲ್ಲಿ ಮುಂಬಯಿಯದೇ ಪಾರ್ಸಿ, ಭಿಕಾಜಿ ಬಲ್ಸಾರಾ ಎಂಬವರಿಗೆ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಪೌರತ್ವವನ್ನು ಎತ್ತಿಹಿಡಿದಿತ್ತು. ಪೌರತ್ವ ಬಿಳಿಯರಿಗೆ ಸೀಮಿತವಾಗಿದ್ದ ಕಾಲದಲ್ಲಿ ಪಾರ್ಸಿಗಳು ‘ಬಿಳಿಯರು’ ಎಂಬುದು ಅಲ್ಲಿ ನಡೆದ ವಾದ. ಆದರೆ 1923ರ ಫೆಬ್ರವರಿಯಲ್ಲಿ, ಈ ಆರು ಜನ ಹೊರಡುವುದಕ್ಕೆ ಎಂಟು ತಿಂಗಳ ಮೊದಲು, ಅಲ್ಲಿನ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರ ಮೊಕದ್ದಮೆಯಲ್ಲಿ ಭಾರತೀಯರು ಆ ಲೆಕ್ಕಕ್ಕೆ ಬರುವುದಿಲ್ಲವೆಂದು ತೀರ್ಪು ಕೊಟ್ಟಿತು. 1924ರಲ್ಲಿ ಬಂದ ವಲಸೆ ಕಾಯಿದೆ ಏಷ್ಯಾದವರಿಗೆ ಬಾಗಿಲನ್ನೇ ಮುಚ್ಚಿತು. ಅಂದರೆ ಹಾಥಿರಾಮ್ ಉಳಿಯಬಯಸಿದ ದೇಶ ಅವನಂಥವರು ಬೇಡ ಎಂದು ಕಾನೂನು ಬರೆದು ಇನ್ನೂ ಶಾಯಿ ಆರಿರಲಿಲ್ಲ. ಭೂಮಿ ಸುತ್ತುವ ಪಂದ್ಯದ ಲೆಕ್ಕದಲ್ಲಿ ಅವನು ಅರ್ಧದಲ್ಲಿ ಬಿಟ್ಟವನು. ಆದರೆ ಸಾಹಸ ಎಂಬ ಮಾತಿಗೆ ಇದಕ್ಕಿಂತ ಸರಿಯಾದ ಅರ್ಥ ಯಾವುದಿದ್ದೀತು?

ಉಳಿದ ಮೂವರು, ಹಕೀಮ್, ಬಾಪಾಸೋಲ, ಭೂಮ್‌ಗಾರ, ಹಡಗಿನಲ್ಲಿ ಜಪಾನಿಗೆ ಹೋದರು. ಅಲ್ಲಿಂದ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾ, ಆಮೇಲೆ ಚೀನಾ. ಸೇನಾಧಿಪತಿಗಳು ದೇಶವನ್ನು ಹರಿದು ಹಂಚಿಕೊಂಡು ಕಾದಾಡುತ್ತಿದ್ದ ಚೀನಾ ಅದು. ಕಳ್ಳಕಾಕರ ಭಯ, ಜವುಗು ನೆಲ, ದಟ್ಟ ಕಾಡು. ಇಂಡೋಚೀನಾ, ಸಿಯಾಮ್, ಬರ್ಮಾ ದಾಟಿ ಈಶಾನ್ಯದಿಂದ ಭಾರತಕ್ಕೆ ಕಾಲಿಟ್ಟು, 1928ರ ಮಾರ್ಚ್ 18ರಂದು ಮುಂಬಯಿ ತಲುಪಿದರು. ನಾಲ್ಕು ವರ್ಷ ಐದು ತಿಂಗಳು, 71,000 ಕಿಲೋಮೀಟರ್.

ಎಣಿಸಿ ನೋಡಿದರೆ ಒಟ್ಟು 1,616 ದಿನ. ದಿನಕ್ಕೆ ಸರಾಸರಿ 44 ಕಿಲೋಮೀಟರ್. ಇವರ ಹಿಂದೆಯೇ 1924ರಲ್ಲಿ ಮುಂಬಯಿಯಿಂದ ಒಬ್ಬನೇ ಹೊರಟ ಇನ್ನೊಬ್ಬ ಪಾರ್ಸಿ, ಕ್ರೀಡಾ ಪತ್ರಕರ್ತ ಫ್ರಾಮ್ರೋಜ್ ದಾವರ್‌ನ ಲೆಕ್ಕವನ್ನೂ ಪಕ್ಕದಲ್ಲಿಟ್ಟರೆ ಸೋಜಿಗವಾಗುತ್ತದೆ. ಅವನು ವಿಯೆನ್ನಾದಲ್ಲಿ ಗುಸ್ತಾವ್ ಸ್ತಾವ್ಯಾನಿಕ್ ಎಂಬ ಆಸ್ಟ್ರಿಯನ್ ಸವಾರನನ್ನು ಜೊತೆಮಾಡಿಕೊಂಡು ಸಹಾರಾ ದಾಟಿದ, ಅಮೆಜಾನ್ ಕಾಡು ಹೊಕ್ಕ. ಏಳು ವರ್ಷಗಳಲ್ಲಿ 110,000 ಕಿಲೋಮೀಟರ್. ಅದೂ ದಿನಕ್ಕೆ 43ರ ಆಸುಪಾಸು. 1933ರಲ್ಲಿ ಹೊರಟ ಮೂರನೆಯ ತಂಡ, ಕೇಕಿ ಖರಾಸ್, ರುಸ್ತಂ ಗಾಂಧಿ ಮತ್ತು ರತನ್ ಶ್ರಾಫ್, 84,000 ಕಿಲೋಮೀಟರ್ ಮುಗಿಸಿ ಬರುವಾಗ 1942 ಆಗಿತ್ತು. ಅವರು ಹೊರಟಾಗಿನ ಜಗತ್ತು ಅಷ್ಟರಲ್ಲಿ ಇನ್ನೊಂದು ಮಹಾಯುದ್ಧದಲ್ಲಿ ಬೆಂದುಹೋಗುತ್ತಿತ್ತು. ಬಂಗಾಳದ ಬಿಮಲ್ ಮುಖರ್ಜಿ 1926ರಲ್ಲಿ ಕಲ್ಕತ್ತೆಯಿಂದ ಹೊರಟು 1937ರಲ್ಲಿ ಮರಳಿದರು. ಈ ಯಾರ ಪ್ರಯಾಣವೂ ವೇಗದ ಪ್ರಯಾಣವಲ್ಲ. ರಸ್ತೆಗಿಂತ ಹೆಚ್ಚು ಕಾಲ ಕಾಯುವಿಕೆಯಲ್ಲಿ ಕಳೆದಿದೆ: ವೀಸಾಕ್ಕೆ, ಹಡಗಿಗೆ, ಮಳೆ ನಿಲ್ಲುವುದಕ್ಕೆ, ಜ್ವರ ಬಿಡುವುದಕ್ಕೆ, ದುಡ್ಡು ಕೂಡುವುದಕ್ಕೆ.

1928ರಲ್ಲಿ ಮರಳಿದ ಮೂವರು ತಮ್ಮ ಅನುಭವವನ್ನು ಇಂಗ್ಲಿಷಿನಲ್ಲಿ ಬರೆದರು. ‘ವಿತ್ ಸೈಕ್ಲಿಸ್ಟ್ಸ್ ಅರೌಂಡ್ ದ ವರ್ಲ್ಡ್’ ಎಂಬ ಆ ಪುಸ್ತಕ 1931ರಲ್ಲಿ ಬಂತು. ಮುನ್ನುಡಿ ಜವಾಹರಲಾಲ್ ನೆಹರೂ ಅವರದು. ಆಮೇಲೆ ಬಹುಕಾಲ ಅದನ್ನು ಓದಿದವರೂ ಕಡಿಮೆ, ನೆನೆದವರೂ ಕಡಿಮೆ. 2008ರಲ್ಲಿ ಮರುಮುದ್ರಣವಾಯಿತು. ಗೋವಾದಲ್ಲಿ ನೆಲೆಸಿರುವ ಅನೂಪ್ ಬಬಾನಿ ಮತ್ತು ಸವಿಯಾ ವೀಗಸ್ ಈ ಎಲ್ಲ ಪಾರ್ಸಿ ಸವಾರರ ಚಿತ್ರ, ಬರಹಗಳನ್ನು ಕಲೆಹಾಕಿ ಪ್ರದರ್ಶನ ಮಾಡಿದ ಮೇಲೆಯೇ ಇವರ ಹೆಸರು ಮತ್ತೆ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು.

ಪುಸ್ತಕ ಬಂದ ಅದೇ 1931ರಲ್ಲಿ ಫ್ರಾನ್ಸಿನಲ್ಲಿ ಇನ್ನೊಂದು ಘಟನೆ ನಡೆಯಿತು. ಆಗ ಅದಕ್ಕೂ ಮುಂಬಯಿಗೂ ಏನೇನೂ ಸಂಬಂಧವಿರಲಿಲ್ಲ.

ಪ್ಯಾರಿಸ್ಸಿನಿಂದ ಅಟ್ಲಾಂಟಿಕ್ ತೀರದ ಬ್ರೆಸ್ತ್ ಎಂಬ ಊರಿಗೆ ಹೋಗಿ ಮರಳಿ ಪ್ಯಾರಿಸ್ಸಿಗೆ ಬರುವ 1,200 ಕಿಲೋಮೀಟರ್ ಸೈಕಲ್ ಪಂದ್ಯವನ್ನು 1891ರಲ್ಲಿ ಪಿಯೆರ್ ಜಿಫಾರ್ ಎಂಬ ಪತ್ರಕರ್ತ ತನ್ನ ಪತ್ರಿಕೆಯ ಪರವಾಗಿ ಏರ್ಪಡಿಸಿದ. ಶಾರ್ಲ್ ತೆರಾಂ ಎಂಬಾತ ನಿದ್ದೆಗೆಟ್ಟು 71 ಗಂಟೆ 22 ನಿಮಿಷಗಳಲ್ಲಿ ಗೆದ್ದ. ಇದು ದುಡ್ಡಿಗೆ ಓಡುವವರ ಪಂದ್ಯ. ಇನ್ನೊಂದು ಕಡೆ 1897ರಲ್ಲಿ ಇಟಲಿಯ ಕೆಲವರು ರೋಮಿನಿಂದ ನೇಪಲ್ಸಿಗೆ, ಸುಮಾರು 230 ಕಿಲೋಮೀಟರ್, ಸೂರ್ಯ ಹುಟ್ಟಿ ಮುಳುಗುವುದರೊಳಗೆ ಹೋಗಿ ಮುಟ್ಟಬೇಕೆಂದು ಪಣತೊಟ್ಟು ಸೈಕಲ್ ಹೊಡೆದರು. ಮುಟ್ಟಿದವರನ್ನು ‘ಔಡಾಕ್ಸ್’ ಎಂದು ಕರೆದರು. ಲ್ಯಾಟಿನ್ನಿನಲ್ಲಿ ಎದೆಗಾರ ಎಂದರ್ಥ. ಇಲ್ಲಿ ಗೆದ್ದವನು ಸೋತವನು ಇಲ್ಲ, ಹೊತ್ತಿಗೆ ಸರಿಯಾಗಿ ಮುಟ್ಟಿದವನು, ಮುಟ್ಟದವನು ಅಷ್ಟೇ. 1904ರಲ್ಲಿ ಈ ಪದ್ಧತಿ ಫ್ರಾನ್ಸಿಗೆ ಬಂತು, ಔಡಾಕ್ಸ್ ಕ್ಲಬ್ ಪಾರಿಸಿಯನ್ ಹುಟ್ಟಿತು. ಎಲ್ಲರೂ ಗುಂಪಾಗಿ ಒಂದೇ ವೇಗದಲ್ಲಿ ಹೋಗುವ ಬದಲು ಪ್ರತಿಯೊಬ್ಬರೂ ತಮ್ಮ ತಮ್ಮ ಶಕ್ತಿಯಂತೆ ಹೋಗಬಹುದಾದ ಸವಾರಿಗಳನ್ನು ಆ ಕ್ಲಬ್ಬು ಶುರುಮಾಡಿದ್ದು 1921ರಲ್ಲಿ. ಅದಕ್ಕೆ ಹತ್ತು ವರ್ಷದ ಮೇಲೆ, 1931ರಲ್ಲಿ, ಪ್ಯಾರಿಸ್ ಬ್ರೆಸ್ತ್ ದಾರಿಯಲ್ಲೂ ಹವ್ಯಾಸಿಗಳಿಗೆ ಅದೇ ಬಗೆಯ ಸವಾರಿ ಇಟ್ಟಿತು.

ಈ ಸವಾರಿಯ ಹೆಸರು ಬ್ರೆವೆ. ಫ್ರೆಂಚಿನಲ್ಲಿ ಅದು ಪ್ರಮಾಣಪತ್ರಕ್ಕೆ ಇರುವ ಮಾತು. 2010ರ ನಂತರದ ವರ್ಷಗಳಲ್ಲಿ ಅದು ಭಾರತದಲ್ಲಿ ಹಬ್ಬಿದ ಬಗೆ ಬೆರಗು ಹುಟ್ಟಿಸುತ್ತದೆ. ಮುಂಬಯಿ, ಪುಣೆ, ಬೆಂಗಳೂರು, ಆಮೇಲೆ ಹುಬ್ಬಳ್ಳಿ, ಮೈಸೂರಿನಂಥ ಊರುಗಳು. ಈಗ ಔಡಾಕ್ಸ್ ಇಂಡಿಯಾ ರಾಂದೊನ್ಯೂರ್ಸ್ ಎಂಬ ಸಂಸ್ಥೆಯ ಅಡಿಯಲ್ಲಿ ಊರೂರಿನ ಕ್ಲಬ್ಬುಗಳು ಇದನ್ನು ನಡೆಸುತ್ತವೆ.

ನಿಯಮ ಸರಳ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ. 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಈ ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರಿಗೆ ‘ಸೂಪರ್ ರಾಂದೊನ್ಯೂರ್’ ಎಂಬ ಬಿರುದು. 1,000 ಕಿಲೋಮೀಟರಿಗೆ 75 ಗಂಟೆ, 1,200ಕ್ಕೆ 90 ಗಂಟೆ. ದಾರಿಯಲ್ಲಿ ಅಲ್ಲಲ್ಲಿ ಕಂಟ್ರೋಲ್ ಎಂಬ ಠಾಣೆ. ಪ್ರತಿ ಠಾಣೆಗೂ ತೆರೆಯುವ ಹೊತ್ತು, ಮುಚ್ಚುವ ಹೊತ್ತು ಇರುತ್ತದೆ. ಹಿಂದೆ ಕಾರಿನಲ್ಲಿ ಮನೆಯವರು ನೀರು, ಬಾಳೆಹಣ್ಣು ಹಿಡಿದುಕೊಂಡು ಬರುವಂತಿಲ್ಲ. ಟಯರು ಪಂಚರಾದರೆ ತಾನೇ ತೆಗೆದು ತಾನೇ ಹಾಕಬೇಕು. ಹೆಲ್ಮೆಟ್, ಮುಂದೆ ಹಿಂದೆ ದೀಪ, ಕತ್ತಲಲ್ಲಿ ಹೊಳೆಯುವ ಅಂಗಿ ಕಡ್ಡಾಯ. ದೀಪವಿಲ್ಲದೆ ಸಂಜೆ ಸೈಕಲ್ ಬಿಟ್ಟು ಪೊಲೀಸರ ಕೈಲಿ ಗಾಳಿ ತೆಗೆಸಿಕೊಂಡ ಹಳಬರಿಗೆ ಈ ನಿಯಮ ಹೊಸದೆನಿಸದು.

ಕೈಯಲ್ಲಿ ಒಂದು ಕಾರ್ಡು ಇರುತ್ತದೆ. ಠಾಣೆಯಲ್ಲಿ ಸಂಘಟಕರಿದ್ದರೆ ಅದಕ್ಕೆ ಸೀಲು, ಸಹಿ. ಅವರಿಲ್ಲದ ಕಡೆ ಅಂಗಡಿಯ ಬಿಲ್ಲು, ಎಟಿಎಮ್ಮಿನ ಚೀಟಿ. ಅದರ ಮೇಲೆ ಊರಿನ ಹೆಸರಿರುತ್ತದೆ, ಗಂಟೆ ನಿಮಿಷ ಇರುತ್ತದೆ. ನಡುರಾತ್ರಿ ಹೆದ್ದಾರಿಯ ಪಕ್ಕದ ಎಟಿಎಂ ಪೆಟ್ಟಿಗೆಯೊಳಗೆ ಬೆವರು ಸುರಿಸುತ್ತ ನಿಂತು ನೂರು ರೂಪಾಯಿ ತೆಗೆಯುವ ಮನುಷ್ಯನಿಗೆ ಬೇಕಾಗಿರುವುದು ನೂರು ರೂಪಾಯಿ ಅಲ್ಲ. ಆ ಚೀಟಿ. 1923ರವರು ಗಡಿಗಡಿಯಲ್ಲಿ ಪಾಸ್‌ಪೋರ್ಟಿಗೆ ಹಾಕಿಸಿಕೊಂಡ ಮುದ್ರೆಗೂ, ದೊಡ್ಡವರಿಂದ ಬರೆಸಿಕೊಂಡ ಪತ್ರಗಳಿಗೂ ಈ ಚೀಟಿಗೂ ಜಾತಿ ಒಂದೇ: ಹೋಗಿದ್ದೆ ಎಂದು ಹೇಳಿದರೆ ಸಾಲದು, ಹೋಗಿದ್ದೆ ಎಂದು ಇನ್ನೊಬ್ಬರು ಹೇಳಬೇಕು.

ಮುಂಬಯಿಯಲ್ಲಿ ಇದನ್ನು ಮಾಡುವುದಕ್ಕೆ ಬೇರೆಯದೇ ತಾಪತ್ರಯಗಳಿವೆ. ಮೊದಲು ಊರಿನಿಂದ ಹೊರಗೆ ಬರಬೇಕು. 2002ರಲ್ಲಿ ಪೂರ್ತಿ ತೆರೆದ ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಪುಣೆಯ ಕಡೆ ಹೋಗುವವರು ಪನ್ವೇಲ್, ಖೋಪೋಲಿಯ ಹಳೆಯ ದಾರಿ ಹಿಡಿದು ಬೋರ್ ಘಾಟ್ ಏರಬೇಕು. ಆ ಏರಿನಲ್ಲಿ ಶಿಂಗ್ರೋಬಾನ ಗುಡಿಯಿದೆ. ಬ್ರಿಟಿಷರಿಗೆ ಘಾಟಿಯ ದಾರಿ ತೋರಿಸಿದ ಧನಗರ, ಅಂದರೆ ಕುರುಬ, ಎಂದು ಜನ ಹೇಳುವ ಶಿಂಗ್ರೋಬಾ ಅಲ್ಲಿ ದೇವರಾಗಿದ್ದಾನೆ. ಏದುಸಿರು ಬಿಡುತ್ತ ಬಂದ ಸವಾರರು ಸೈಕಲ್ ಒರಗಿಸಿ ನಿಲ್ಲುವ ಜಾಗವೂ ಅದೇ. ನಾಸಿಕದ ಕಡೆಗಾದರೆ ಭಿವಂಡಿ ಬೈಪಾಸಿನ ಗೋದಾಮು, ಲಾರಿ, ಧೂಳು, ಆಮೇಲೆ ಶಹಾಪುರ, ಕಸಾರಾ ಘಾಟ್, ಇಗತ್‌ಪುರಿ. ಗುಜರಾತಿನ ಕಡೆಗಾದರೆ ವಸಯಿ ಕೊಲ್ಲಿಯ ಸೇತುವೆ ದಾಟಿ ಮನೋರ್, ಚಾರೋಟಿ, ತಲಾಸರಿ. ಸಪಾಟಾದ ರಸ್ತೆ, ಆದರೆ ರಾತ್ರಿಯಿಡೀ ಪಕ್ಕದಲ್ಲಿ ಹದಿನಾಲ್ಕು ಗಾಲಿಯ ಲಾರಿಗಳ ಗಾಳಿ. ಮಳೆಗಾಲದಲ್ಲಿ ಗುಂಡಿ ಯಾವುದು, ನೀರು ಯಾವುದು ತಿಳಿಯುವುದಿಲ್ಲ. ಈ ಹೆದ್ದಾರಿಗಳಲ್ಲಿ ಸೈಕಲ್ ಸವಾರರು ಪ್ರಾಣ ಕಳೆದುಕೊಳ್ಳುತ್ತಾರೆ ಎಂಬುದನ್ನು ಮುಚ್ಚಿಟ್ಟು ಈ ವಿಷಯ ಬರೆಯುವುದು ಸರಿಯಲ್ಲ. ಸಾಯುವವರಲ್ಲಿ ಹೆಚ್ಚಿನವರು ಬ್ರೆವೆ ಸವಾರರಲ್ಲ, ಕೆಲಸ ಮುಗಿಸಿ ಮನೆಗೆ ಹೋಗುತ್ತಿರುವವರು.

ಅದೇ ನಗರದಲ್ಲಿ ನಸುಕಿನ ಐದು ಗಂಟೆಗೆ ಎರಡು ಬಗೆಯ ಸೈಕಲ್ಲುಗಳು ಎದುರುಬದುರಾಗುತ್ತವೆ. ಒಂದು, ಹ್ಯಾಂಡಲಿಗೆ ಹಾಲಿನ ಚೀಲವೋ ಹಿಂದೆ ಪಾವ್ ತುಂಬಿದ ಗೋಣಿಯೋ ಕಟ್ಟಿಕೊಂಡ ಕಪ್ಪು ಕಬ್ಬಿಣದ ಸೈಕಲ್ಲು. ಇನ್ನೊಂದು, ಬೆರಳಲ್ಲಿ ಎತ್ತಬಹುದಾದ ಕಾರ್ಬನ್ ಸೈಕಲ್ಲು. ಮೊದಲನೆಯವನು ದಿನವಿಡೀ ತುಳಿಯುವ ದೂರಕ್ಕೆ ಯಾರೂ ಪದಕ ಕೊಡುವುದಿಲ್ಲ, ಅವನು ಕೇಳುವುದೂ ಇಲ್ಲ. ಎರಡನೆಯವನನ್ನು ಹವ್ಯಾಸಿ ಎನ್ನುತ್ತೇವೆ. ಈ ಮಾತಿನದೇ ಒಂದು ಸ್ವಾರಸ್ಯವಿದೆ. ಕನ್ನಡದಲ್ಲಿ ಹವ್ಯಾಸ ಎಂದರೆ ಬಿಡುವಿನ ಹೊತ್ತಿನ ಪ್ರೀತಿಯ ಕೆಲಸ. ಹವ್ಯಾಸಿ ನಾಟಕ ತಂಡ, ಹವ್ಯಾಸಿ ಯಕ್ಷಗಾನ ಮೇಳ ಎನ್ನುತ್ತೇವಲ್ಲ, ಹಾಗೆ. ಗಡಿ ದಾಟಿ ಮರಾಠಿಗೆ ಹೋದರೆ ಅದೇ ‘ಹವ್ಯಾಸ’ ದುರಾಸೆ, ಅಡಗದ ಹಪಹಪಿ ಎಂಬ ಅರ್ಥ ಕೊಡುತ್ತದೆ. ಮುಂಬಯಿಯ ಬ್ರೆವೆ ಸವಾರನ ಹವ್ಯಾಸ ಕನ್ನಡದ್ದೋ ಮರಾಠಿಯದ್ದೋ ಎಂದು ಅವನ ಮನೆಯವರನ್ನು ಕೇಳಬೇಕು.

ಯಾಕೆಂದರೆ ಇದನ್ನು ಮಾಡುವವರು ಕ್ರೀಡಾಪಟುಗಳಲ್ಲ. ಬ್ಯಾಂಕಿನವರು, ಡಾಕ್ಟರುಗಳು, ಸಾಫ್ಟ್‌ವೇರಿನವರು, ಅಂಗಡಿ ಇಟ್ಟವರು, ನಲವತ್ತು ದಾಟಿ ಸಕ್ಕರೆ ಕಾಯಿಲೆಯ ಹೆದರಿಕೆಗೆ ಸೈಕಲ್ ಹತ್ತಿದವರು. ಹೆಂಗಸರೂ ಈಗ ಬರುತ್ತಾರೆ, 1923ರ ಪಟ್ಟಿಯಲ್ಲಿ ಒಬ್ಬರೂ ಇರಲಿಲ್ಲ. ಶನಿವಾರ ಬೆಳಿಗ್ಗೆ ಹೊರಟು 600 ಕಿಲೋಮೀಟರ್ ಮುಗಿಸಿದರೆ ಭಾನುವಾರ ರಾತ್ರಿಯಾಗಿರುತ್ತದೆ. ಸೋಮವಾರ ಕಚೇರಿ. ಮೊದಲ ನೂರು ಕಿಲೋಮೀಟರ್ ಕಾಲಿನ ಕೆಲಸ. ಮುನ್ನೂರರ ಮೇಲೆ ನಿದ್ದೆಯ ಕೆಲಸ. ಅಂಗೈಯ ನರ ಮರಗಟ್ಟಿ ಬೆರಳುಗಳಿಗೆ ಚಹಾದ ಗ್ಲಾಸಿನ ಬಿಸಿ ತಿಳಿಯುವುದಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಪೆಟ್ರೋಲ್ ಬಂಕಿನ ಸಿಮೆಂಟ್ ಕಟ್ಟೆಯ ಮೇಲೆ ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟು ಮಲಗುವುದನ್ನು ಆಗ ಕಲಿಯುತ್ತಾರೆ.

ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್ ಬ್ರೆಸ್ತ್ ಸವಾರಿಗೆ 2019ರಲ್ಲಿ ಭಾರತದಿಂದ ಮುನ್ನೂರಕ್ಕೂ ಹೆಚ್ಚು ಜನ ಹೋದರು. ನೂರ ಇಪ್ಪತ್ತೆಂಟು ವರ್ಷದ ಹಿಂದೆ ತೆರಾಂ ಹೋದ ದಾರಿಯಲ್ಲಿ ಮುಂಬಯಿ, ಪುಣೆ, ಬೆಂಗಳೂರಿನ ಸವಾರರು. ಇಲ್ಲಿ ನಾಲ್ಕೂ ಬ್ರೆವೆಗಳನ್ನು ಮುಗಿಸಿ ಅರ್ಹತೆ ಪಡೆದವರೇ ಎಲ್ಲರೂ. ಎದುರುಗಾಳಿ, ಮುಗಿಯದ ಏರಿಳಿತದ ರಸ್ತೆ, ಆಗಸ್ಟ್ ತಿಂಗಳಲ್ಲೂ ಮೂಳೆ ಕೊರೆಯುವ ರಾತ್ರಿಯ ಚಳಿ. ಕರಾವಳಿಯ ಸೆಕೆಯಲ್ಲಿ ತಯಾರಾದ ದೇಹಗಳಿಗೆ ಆ ಚಳಿ ಅರ್ಥವಾಗಲಿಲ್ಲ. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ 90 ಗಂಟೆಯೊಳಗೆ ಮುಗಿಸಲಾಗಲಿಲ್ಲ. ಕೆಲವರು ಠಾಣೆ ಮುಚ್ಚಿದ ಮೇಲೂ, ಲೆಕ್ಕಕ್ಕಿಲ್ಲವೆಂದು ಗೊತ್ತಿದ್ದೂ, ತುಳಿಯುತ್ತಲೇ ಹೋಗಿ ಕೊನೆ ಮುಟ್ಟಿದರು. ಮರಳಿ ಬಂದ ಮೇಲೆ ನಮ್ಮವರು ಅವಸರ ಮಾಡಿದರೇ, ತಯಾರಿ ಸಾಲದೆ ಹೋಯಿತೇ, ಇಲ್ಲಿನ ಸಪಾಟು ಹೆದ್ದಾರಿಗಳ ಬ್ರೆವೆಗಳು ತೀರ ಸುಲಭವೇ ಎಂಬ ಚರ್ಚೆ ನಡೆಯಿತು. ಅದು ನಡೆಯಬೇಕಾದ ಚರ್ಚೆಯೇ. 1923ರವರ ಹತ್ತಿರ ಇದ್ದು ಇವರ ಹತ್ತಿರ ಇಲ್ಲದ್ದು ಒಂದೇ: ಹೊತ್ತು. ಚಳಿ ಹೆಚ್ಚಾದರೆ ಅವರು ಒಂದು ವಾರ ನಿಲ್ಲಬಹುದಿತ್ತು. ರಜೆ ಹಾಕಿ, ಸಾಲ ಮಾಡಿ, ಷೆಂಗೆನ್ ವೀಸಾ ಹಿಡಿದು ಹೋದವರಿಗೆ ಒಂದು ಗಂಟೆಯೂ ನಿಲ್ಲುವಂತಿರಲಿಲ್ಲ.

ಬ್ರೆವೆ ಮುಗಿದ ಮೇಲೆ ಸಂಘಟಕರು ಕಾರ್ಡುಗಳನ್ನು ಕೂಡಿಸಿ ಪರಿಶೀಲಿಸಿ ವಿವರವನ್ನು ಪ್ಯಾರಿಸ್ಸಿಗೆ ಕಳಿಸುತ್ತಾರೆ. ಒಪ್ಪಿತವಾದ ಪ್ರತಿ ಸವಾರಿಗೂ ಅಲ್ಲಿಂದ ಒಂದು ಸಂಖ್ಯೆ ಬರುತ್ತದೆ. ಪದಕ ಬೇಕಾದವರು ದುಡ್ಡು ಕೊಟ್ಟು ತರಿಸಿಕೊಳ್ಳಬೇಕು. ಮೊದಲು ಬಂದವರು, ಕೊನೆಗೆ ಬಂದವರು ಎಂಬ ಕ್ರಮಾಂಕವಿಲ್ಲ, ಅಕ್ಷರದ ಅನುಕ್ರಮದಲ್ಲಿ ಹೆಸರುಗಳು ಬರುತ್ತವೆ. 40 ಗಂಟೆಗೆ ಐದು ನಿಮಿಷ ಬಾಕಿ ಇರುವಾಗ ಬಂದವನ ಹೆಸರು ಹತ್ತು ಗಂಟೆ ಮೊದಲೇ ಬಂದವನ ಹೆಸರಿಗಿಂತ ಮೇಲಿರಬಹುದು. ಐದು ನಿಮಿಷ ತಡವಾಗಿ ಬಂದವನ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. 1931ರ ಪುಸ್ತಕಕ್ಕೆ ಲೇಖಕರಾಗಿ ಮೂರು ಹೆಸರುಗಳಿವೆ: ಹಕೀಮ್, ಬಾಪಾಸೋಲ, ಭೂಮ್‌ಗಾರ.